ಒಲೆ ಮೇಡಂ

ನನ್ನ ಅಕ್ಕನ ಸೊಸೆಗೆ ಹೆತ್ತವರು ಇಟ್ಟ ಚಂದದ ಹೆಸರೊಂದಿದೆ. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಊರಿಗೆಲ್ಲ ಅವಳು ಒಲೆ ಮೇಡಂ. ಯಾರ ಮನೆ ಬಾಗಿಲು ತಟ್ಟಿದರೂ ಅವಳ ಮೊದಲ ಪ್ರಶ್ನೆ ಒಂದೇ: "ಈ ಮನೇಲಿ ಎಷ್ಟು ಒಲೆ ಉರಿಯುತ್ತೆ?" ಹೊಸಬರು ಗ್ಯಾಸ್ ಕಂಪನಿಯವಳೆಂದು ತಿಳಿದು ಅವಳನ್ನು ಅಡುಗೆಮನೆಗೆ ಕರೆದೊಯ್ದು ಸೋರುವ ಪೈಪು ತೋರಿಸುತ್ತಾರೆ. ಇವಳೂ ಬಿಡುವವಳಲ್ಲ. ಸೋಪಿನ ನೊರೆ ಹಚ್ಚಿ, ಎಲ್ಲಿ ಗುಳ್ಳೆ ಏಳುತ್ತದೆ ನೋಡಿ, "ಮೊದಲು ಇದನ್ನ ಸರಿ ಮಾಡಿಸಿ, ಆಮೇಲೆ ನನಗೆ ಉತ್ತರ ಕೊಡೋರಂತೆ" ಎಂದು ಹೇಳಿ ಬಂದು, ಮಾರನೆಯ ದಿನ ಮತ್ತೆ ಹೋಗುತ್ತಾಳೆ.

ಅವಳಿರುವುದು ಸರ್ಕಾರದ ಅಂಕಿಅಂಶ ಇಲಾಖೆಯಲ್ಲಿ. ಜನ ಸರ್ಕಾರಕ್ಕೆ ತೆರಿಗೆಯಾಗಿ ಎಷ್ಟು ಕೊಡುತ್ತಾರೆ, ಸಹಾಯವಾಗಿ ಎಷ್ಟು ವಾಪಸು ಪಡೆಯುತ್ತಾರೆ, ಈ ಕೊಡುವುದು ಕೊಳ್ಳುವುದು ನ್ಯಾಯವಾಗಿ ನಡೆಯುತ್ತಿದೆಯೇ ಎಂದು ಮನೆ ಮನೆ ಸುತ್ತಿ ಅಳೆಯುವುದು ಅವಳ ಕೆಲಸ. ನಾನು ದರ್ಜಿ. ಅಳತೆ ಅಂದರೆ ಕೊರಳಲ್ಲಿ ಟೇಪು ಇರಬೇಕು ಅನ್ನುವ ಪೈಕಿ. ನ್ಯಾಯವನ್ನು ಎಲ್ಲಿಂದ ಎಲ್ಲಿಗೆ ಹಿಡಿದು ಅಳೆಯುತ್ತೀಯಮ್ಮ ಎಂದು ಒಂದು ದಿನ ಅಂಗಡಿಗೆ ಬಂದವಳನ್ನು ಕೇಳಿಯೇಬಿಟ್ಟೆ.

"ಊರಿನ ಮನೆಗಳನ್ನೆಲ್ಲ ಒಂದು ಸಾಲಲ್ಲಿ ನಿಲ್ಲಿಸಿದ್ದೀವಿ ಅಂದ್ಕೊಳ್ಳಿ ಮಾವ. ಈ ತುದೀಲಿ ತೀರಾ ಬಡವರು, ಆ ತುದೀಲಿ ಭಾರಿ ಕುಳಗಳು. ಸಾಲನ್ನ ಹತ್ತು ತುಂಡು ಮಾಡೋದು. ಒಂದೊಂದು ತುಂಡಿನ ಹತ್ರ ಹೋಗಿ, ನಿಮ್ಮ ಜೇಬಿಂದ ಎಷ್ಟು ಹೋಯ್ತು, ಜೇಬಿಗೆ ಎಷ್ಟು ಬಂತು ಅಂತ ನೋಡೋದು. ಅಷ್ಟೇ."

"ಬಡವ ತೆರಿಗೆ ಎಲ್ಲಿ ಕಟ್ತಾನೆ?"

"ನೀವು ಈ ದಾರದ ಉಂಡೆ ತಗೊಂಡಾಗ ಕಟ್ಟಿದ್ರಲ್ಲ. ಸೋಪಲ್ಲಿ ಕಟ್ತೀರಿ, ಚಹಾಪುಡೀಲಿ ಕಟ್ತೀರಿ. ದೊಡ್ಡ ಬಂಗಲೆಯವನೂ ಒಂದು ಸೋಪಿಗೆ ನಿಮ್ಮಷ್ಟೇ ಕಟ್ಟೋದು. ಅವನಿಗೆ ಅದು ಗೊತ್ತೂ ಆಗಲ್ಲ, ನಿಮಗೆ ಗೊತ್ತಾಗುತ್ತೆ. ಹಾಗಾಗಿ ಸಮ ಅಂದ ಮಾತ್ರಕ್ಕೆ ನ್ಯಾಯ ಅಲ್ಲ."

ಅವತ್ತಿನಿಂದ ನಾನು ಸ್ವಲ್ಪ ಎದೆ ಸೆಟೆಸಿ ನಡೆಯುತ್ತೇನೆ. ತೆರಿಗೆ ಕಟ್ಟುವವನು ಅಂತ ನನ್ನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಆದರೂ ಸುಮ್ಮನಿರಲಾರದೆ, "ಎಷ್ಟು ಅಳೆದರೇನು, ಬಡಿಸೋರು ನಮ್ಮೋರಾದ್ರೆ ಕೊನೇಲಿ ಕೂತರೂ ಊಟಕ್ಕೆ ಮೋಸ ಇಲ್ಲ" ಅಂದೆ. ಅವಳು ನಕ್ಕಳು. "ಅದಕ್ಕೇ ಮಾವ ನಮ್ಮ ಇಲಾಖೆ ಇರೋದು. ಬಡಿಸೋರು ಯಾರೇ ಆಗಿರಲಿ, ಕೊನೇಲಿ ಕೂತವರ ತಟ್ಟೇಲಿ ಏನಿದೆ ಅಂತ ಹೋಗಿ ನೋಡ್ತೀವಿ."

ನೋಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಬೇಕಾದರೆ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಜನ ಅವಳಿಗೆ ಸುಳ್ಳು ಹೇಳುತ್ತಾರೆ. ಇದ್ದವರು ಇಲ್ಲ ಅನ್ನುತ್ತಾರೆ, ಇಲ್ಲದವರು ಇದೆ ಅನ್ನುತ್ತಾರೆ. ಎರಡು ಫ್ರಿಜ್ ಗುಂಯ್‌ಗುಡುವ ಮನೆಯಲ್ಲಿ ಯಜಮಾನ "ನಮ್ಮದೇನಿದೆ ಮೇಡಂ, ಬಂದದ್ದು ಬಾಯಿಗೂ ಸಾಲಲ್ಲ" ಎಂದು ನಿಟ್ಟುಸಿರು ಬಿಡುತ್ತಾನೆ. ಸೇತುವೆಯ ಆಚೆ ಬಟ್ಟೆ ಒಗೆದು ಬದುಕುವ ಹೆಂಗಸು, "ನಮ್ಮ ಮನೇಲಿ ವಾರವಾರ ಮಾಂಸ" ಎಂದು ತಲೆ ಎತ್ತಿ ಹೇಳುತ್ತಾಳೆ. ಸೊಸೆ ಯಾರ ಮಾತನ್ನೂ ಅಲ್ಲಗಳೆಯುವುದಿಲ್ಲ. ಅದೂ ಇದೂ ಮಾತಾಡುತ್ತಾ, ಸ್ನಾನದ ಸೋಪು ಎಷ್ಟು ದಿನ ಬರುತ್ತೆ, ಬಟ್ಟೆಗೂ ಅದನ್ನೇ ಹಾಕ್ತೀರಾ, ಕೊನೆಯ ಚೂರನ್ನ ಏನು ಮಾಡ್ತೀರಿ ಎಂದು ಕೇಳುತ್ತಾಳೆ. ಸೋಪಿನ ವಿಷಯದಲ್ಲಿ ಸುಳ್ಳು ಹೇಳಬೇಕು ಅಂತ ಯಾರಿಗೂ ಹೊಳೆಯುವುದೇ ಇಲ್ಲ. ಕೊನೆಯ ಚೂರನ್ನು ಹೊಸ ಸೋಪಿಗೆ ಅಂಟಿಸುವವರು, ಹಳೆಯ ಕಾಲುಚೀಲದಲ್ಲಿ ಕೂಡಿಡುವವರು, ಬಿಸಾಕುವವರು, ಹೀಗೆ ಜನ ತಮ್ಮ ತಮ್ಮ ಜಾಗಕ್ಕೆ ತಾವೇ ಬಂದು ನಿಲ್ಲುತ್ತಾರೆ.

ಇಂಥವಳು ಅಕ್ಕನ ಮನೆಗೆ ಸೊಸೆಯಾಗಿ ಬಂದಳು. ನನ್ನ ಅಂಗಡಿಯ ಹಿಂದಿನ ಕೋಣೆಯೇ ನನ್ನ ಮನೆ. ಎದುರುಗಡೆಯೇ ಅಕ್ಕನ ಮನೆ. ನನಗೆ ಮದುವೆಯಾಗಿಲ್ಲ. ಅಡುಗೆ ಬರುವುದಿಲ್ಲ, ಕಲಿಯುವ ಉದ್ದೇಶವೂ ಇಲ್ಲ. ಎರಡು ಹೊತ್ತೂ ಅಕ್ಕನ ಮನೆಯಲ್ಲೇ ಉಣ್ಣುತ್ತೇನೆ. ಅಕ್ಕನ ಮಗ, ಅಂದರೆ ನನ್ನ ಅಳಿಯ, ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕಟ್ಟಡಗಳ ಒಳಗೆ ಮೇಲೆ ಕೆಳಗೆ ಓಡಾಡಿಯೋ ಏನೋ, ಮನೆಗೆ ಬಂದರೆ ಕೂತಲ್ಲಿಂದ ಏಳುವುದಿಲ್ಲ, ಮಾತೂ ಆಡುವುದಿಲ್ಲ.

ಅಕ್ಕ ಎಲ್ಲರಿಗೂ ಬಡಿಸಿ, ತಾನು ಕೊನೆಗೆ ಅಡುಗೆಕಟ್ಟೆಗೆ ಒರಗಿ ನಿಂತು, ಪಾತ್ರೆಯ ತಳದಲ್ಲಿ ಸೀದದ್ದನ್ನು ಕೆರೆದು ತಿನ್ನುವವಳು. ನಾವು ಅದನ್ನು ದಿನಾ ನೋಡುತ್ತಿದ್ದೆವು, ಅಂದರೆ ನೋಡುತ್ತಲೇ ಇರಲಿಲ್ಲ. ಸೊಸೆ ಬಂದ ವಾರವೇ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಳು. "ಅತ್ತೆ, ನೀವು ಕೂತ ಹೊರತು ನಾನು ಉಣ್ಣಲ್ಲ."

"ನನಗೆ ನಿಂತೇ ಅಭ್ಯಾಸ. ನಿನ್ನ ಇಲಾಖೆ ಲೆಕ್ಕ ಇಲ್ಲಿ ಬೇಡ" ಅಂದಳು ಅಕ್ಕ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ಅವೆರಡೂ ಕಾಲ ಒಟ್ಟಿಗೇ ಬಂದ ಹಾಗಾಯಿತು. ಒಬ್ಬಳು ಕೂರುವುದಿಲ್ಲ, ಇನ್ನೊಬ್ಬಳು ಉಣ್ಣುವುದಿಲ್ಲ. ಮಧ್ಯೆ ನಾವಿಬ್ಬರು ಗಂಡಸರು ಎರಡನೇ ಸಲ ಹಾಕಿಸಿಕೊಳ್ಳುವುದು ಹೇಗಪ್ಪಾ ಎಂದು ಒದ್ದಾಡುತ್ತಿದ್ದೆವು. ಕೊನೆಗೆ ಸೋತವಳು ಅಕ್ಕ. ಅಡುಗೆಮನೆಯಲ್ಲೇ ಒಂದು ಮೇಜು ಬಂತು, ನಾಲ್ವರೂ ಕೂತು ಉಣ್ಣುವುದು ಶುರುವಾಯಿತು. ಆಮೇಲೆ ನೋಡಿ, ಅತ್ತೆ ಸೊಸೆ ಇಬ್ಬರೂ ಎಂಥಾ ಜೋಡಿಯಾದರೆಂದರೆ, ಮನೆಯಲ್ಲಿ ನನ್ನ ಮೇಲೆ ಜೋಕು ಕಟ್ಟುವವರು ಒಬ್ಬರಿದ್ದದ್ದು ಇಬ್ಬರಾದರು.

ಅಕ್ಕನಿಗೆ ಸರ್ಕಾರದಿಂದ ತಿಂಗಳಿಗೊಮ್ಮೆ ಹಿರಿಯರ ಸಹಾಯಧನ ಬರುತ್ತಿತ್ತು. ಮೊತ್ತ ದೊಡ್ಡದೇನಲ್ಲ. ಆದರೆ ಅದು ಬರುವ ದಿನ ಅಕ್ಕ ಕಪಾಟಿನಿಂದ ಒಳ್ಳೆಯ ಕೋಟು ತೆಗೆದು, ನನ್ನ ಹತ್ತಿರ ಇಸ್ತ್ರಿ ಹಾಕಿಸಿಕೊಂಡು, ಅಂಚೆ ಕಚೇರಿಗೆ ಹೋಗುವಳು. ಬರುವಾಗ ಯಾರಿಗೂ ಬೇಡದ ಸಾಮಾನೊಂದು ಕೈಯಲ್ಲಿರುತ್ತಿತ್ತು. ಒಮ್ಮೆ ಗಾಜಿನ ಮೀನು. ಒಮ್ಮೆ ನೀಲಿ ಛತ್ರಿ, ಅದೂ ಮನೆಯಲ್ಲಿ ಗಟ್ಟಿಮುಟ್ಟಾದ ಕಪ್ಪು ಛತ್ರಿ ಇರುವಾಗ. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು.

ಒಂದು ದಿನ ರಾತ್ರಿ ಊಟದ ಹೊತ್ತಿಗೆ ಸೊಸೆ ಹೊಸ ಸಮೀಕ್ಷೆಯ ಸುದ್ದಿ ತಂದಳು. ಈ ಸಲ ನಮ್ಮ ಬೀದಿಯ ಸರದಿ. ಸಹಾಯಧನ ತಲುಪಬೇಕಾದವರಿಗೆ ತಲುಪುತ್ತಿಲ್ಲ, ಸಾಲಿನ ಮೇಲಿನ ತುದಿಯವರಿಗೂ ಹರಿದು ಹೋಗುತ್ತಿದೆ, ಇನ್ನು ಮುಂದೆ ಕೆಳಗಿನ ಅರ್ಧಕ್ಕೆ ಮಾತ್ರ ಕೊಡೋಣ ಎಂದು ಮೇಲಿನವರ ಯೋಚನೆಯಂತೆ. ಅವಳು ಅದನ್ನು ಖುಷಿಯಿಂದಲೇ ಹೇಳಿದಳು. ಬಟ್ಟೆ ಒಗೆಯುವ ಆ ಹೆಂಗಸಿಗೆ ಇನ್ನೊಂದಿಷ್ಟು ಹೆಚ್ಚು ಸಿಗಬಹುದಲ್ಲ ಎಂಬ ಖುಷಿ.

ಅಕ್ಕ ಸೌಟು ಕೆಳಗಿಟ್ಟಳು. "ಆ ಸಾಲಲ್ಲಿ ನಾನೆಲ್ಲಿ ನಿಂತಿದೀನಿ?"

ಸೊಸೆಗೆ ಸುಳ್ಳು ಬರುವುದಿಲ್ಲ. "ಮೇಲಿನ ಕಡೆ ಅತ್ತೆ. ನಮ್ಮ ಜೊತೆ."

"ನಾನಾ? ನನ್ನ ಹತ್ರ ಇರೋದು ಒಂದು ಕೋಟು, ಒಂದು ಗಾಜಿನ ಮೀನು."

"ಒಬ್ಬೊಬ್ಬರನ್ನೇ ನಿಲ್ಲಿಸಲ್ಲ ಅತ್ತೆ, ಮನೇನ ನಿಲ್ಲಿಸ್ತೀವಿ. ಒಂದು ಒಲೆಯಿಂದ ಉಣ್ಣೋರೆಲ್ಲ ಒಂದು ಮನೆ. ನಮ್ಮಿಬ್ಬರ ಸಂಬಳ ಇದೆಯಲ್ಲ, ಅದರಲ್ಲಿ ನಿಮಗೂ ಪಾಲಿದೆ ಅಂತ ಲೆಕ್ಕ."

"ಬೇರೆ ಒಲೆ ಇದ್ರೆ?"

"ಬೇರೆ ಮನೆ."

"ಹೌದಾ" ಅಂದಳು ಅಕ್ಕ. ಎಲ್ಲರಿಗೂ ಇನ್ನೊಂದು ಸಲ ಬಡಿಸಿದಳು. ನಾನು ಅವಳ ಜೊತೆ ಹುಟ್ಟಿ ಬೆಳೆದವನು. ಆ "ಹೌದಾ" ಕೇಳಿ ನನ್ನ ಕಿವಿ ನೆಟ್ಟಗಾಯಿತು.

ಮಾರನೆಯ ಬೆಳಿಗ್ಗೆ ಅಕ್ಕನ ಕೋಣೆಯಲ್ಲಿ, ಕಿಟಕಿ ಪಕ್ಕದ ಸಣ್ಣ ಮೇಜಿನ ಮೇಲೆ, ಕರೆಂಟಿನ ಒಲೆಯೊಂದು ಪ್ರತ್ಯಕ್ಷವಾಗಿತ್ತು. ಅದರ ಮೇಲೆ ಒಬ್ಬರಿಗೆ ಸಾಲುವಷ್ಟು ಪುಟ್ಟ ಪಾತ್ರೆ. ಅಕ್ಕ ಬಾಗಿಲಲ್ಲಿ ನಿಂತು ಸಾರಿದಳು: "ಇವತ್ತಿಂದ ನಾನು ಬೇರೆ. ಯಾರ ಮೇಲೂ ಕೋಪ ಇಲ್ಲ. ಯಾರೂ ನನ್ನ ಅಡುಗೆಮನೆಗೆ ಬರಬೇಡಿ, ನಾನೂ ನಿಮ್ಮದಕ್ಕೆ ಬರಲ್ಲ."

ಆಮೇಲಿನ ದಿನಗಳನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಗುರ್ ಅನ್ನುತ್ತದೆ. ಅಳಿಯ ಆಲೂಗಡ್ಡೆ ಬೇಯಿಸಿದರೆ ಒಳಗೆ ಹಸಿ, ಹೊರಗೆ ಮುದ್ದೆ. ಸೊಸೆ ಊರಿನವರೆಲ್ಲರ ಅಡುಗೆಮನೆ ನೋಡಿ ಬಂದವಳು, ಉಪ್ಪಿನ ಡಬ್ಬ ಎಲ್ಲಿದೆ ಅಂತ ತನ್ನ ಮನೆಯಲ್ಲೇ ಹುಡುಕುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅಕ್ಕ ಎಂಥಾ ಮದ್ದು ಅಂತ ಆಗ ತಿಳಿಯಿತು. ಅಕ್ಕನ ಕೋಣೆಯಿಂದ ಮಾತ್ರ ಬೆಣ್ಣೆಯಲ್ಲಿ ಬೆಳ್ಳುಳ್ಳಿ ಹುರಿಯುವ ಘಮ ಬರುತ್ತಿತ್ತು.

ನಾನು ಮೆಲ್ಲಗೆ ಆ ಬಾಗಿಲಿಗೆ ಹೋದೆ. "ಅಕ್ಕ, ನಾನು ನಿನ್ನ ಒಲೆಗೆ ಸೇರ್ಕೊಳ್ತೀನಿ."

"ಆಗಲ್ಲ. ನಿನ್ನ ಅಂಗಡಿ ಆದಾಯ ಸೇರಿದ್ರೆ ನಾನು ಮೇಲಿನ ಗುಂಪಿಗೆ ಹೋಗ್ಬಿಡ್ತೀನಿ."

ನನ್ನ ಅಂಗಡಿಯ ಆದಾಯಕ್ಕೆ ಯಾರನ್ನಾದರೂ ಮೇಲೆತ್ತುವ ಶಕ್ತಿ ಇದೆ ಎಂದು ಮೊದಲ ಸಲ ಕೇಳಿ ಹೆಮ್ಮೆಪಡಬೇಕೋ, ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗಬೇಕೋ ತಿಳಿಯಲಿಲ್ಲ. ಮಲಗಿದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಕ್ಕನಿಗೆ ಬೀದಿ ತುಂಬ ಗೆಳತಿಯರು. ಸಂಜೆ ಬೆಂಚಿನ ಮೇಲೆ ಕೂತು ಈ ಒಲೆಯ ಗುಟ್ಟನ್ನು ಅವಳು ಧಾರಾಳವಾಗಿ ಹಂಚಿದಳು. ವಾರದೊಳಗೆ ಮೂಲೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕರೆಂಟು ಒಲೆ ಖಾಲಿ. ಅಂಗಡಿಯವನು ಇನ್ನಷ್ಟು ತರಿಸಿ ಮುಂದಿನ ಗಾಜಿನಲ್ಲೇ ಸಾಲಾಗಿ ಜೋಡಿಸಿದ. ನಮ್ಮ ಬೀದಿಯ ಅಜ್ಜ ಅಜ್ಜಿಯರೆಲ್ಲ ಏಕಾಏಕಿ ಸಂಸಾರ ಬೇರೆ ಮಾಡಿದರು. ಮೂರನೇ ಮಹಡಿಯ ಗಂಡ ಹೆಂಡತಿಯಂತೂ ಒಂದೇ ಕೋಣೆಯಲ್ಲಿ ಎರಡು ಒಲೆ ಇಟ್ಟು, ಒಂದೊಂದು ಒಲೆಯ ಮುಂದೆ ಒಬ್ಬೊಬ್ಬರು ಕೂತು, ಉಪ್ಪು ಮಾತ್ರ ಸಾಲ ಕೇಳುತ್ತಿದ್ದರಂತೆ.

ಸೊಸೆ ನಗಲಿಲ್ಲ. ತನ್ನ ಮನೆಯ ಸಮೀಕ್ಷೆಯನ್ನು ತಾನೇ ಮಾಡುವಂತಿಲ್ಲ. ಅದಕ್ಕೆ ಅವಳ ಜೊತೆಗಾರನೊಬ್ಬ ಬರುವವನಿದ್ದ. ದೊಡ್ಡ ಮೀಸೆಯ ಮನುಷ್ಯ, ಹಾಗಾಗಿ ಕಚೇರಿಯಲ್ಲಿ ಅವನ ಹೆಸರೇ ಮೀಸೆ. ಅವನು ಬರುವ ಹಿಂದಿನ ಸಂಜೆ ಸೊಸೆ ಚೀಲದ ಪಟ್ಟಿ ಹೊಲಿಸುವ ನೆಪದಲ್ಲಿ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದಳು.

"ಮಾವ, ಬಿಸಿ ತುಪ್ಪ ಆಗಿದೆ. ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ. ಮನೆಯಲ್ಲಿ ಇನ್ನೊಬ್ಬರನ್ನ ಕೇಳಿ ತಾಳೆ ನೋಡಬೇಕು ಅಂತ ನಿಯಮ. ಮೀಸೆ ನನ್ನನ್ನ ಕೇಳೇ ಕೇಳ್ತಾನೆ. ಅತ್ತೆ ಬೇರೆ ಉಣ್ತಾರೆ ಅಂತ ನಾನು ಹೇಳಿದ್ರೆ, ನಾಳೆಯಿಂದ ಯಾವ ಮುಖ ಇಟ್ಕೊಂಡು ಬೇರೆಯವರ ಬಾಗಿಲು ತಟ್ಟಲಿ? ಇಲ್ಲ, ಇದು ಬರೀ ನಾಟಕ ಅಂದ್ರೆ ಅತ್ತೆ ನನ್ನನ್ನ ಕ್ಷಮಿಸ್ತಾರಾ?"

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಾಳೆ ರಜಾ ಹಾಕಿ ಎಲ್ಲಾದರೂ ಹೋಗ್ಬಿಡಮ್ಮ."

"ಓಡಿ ಹೋಗೋದಾ? ನಾನಾ?" ಎಂದು ಎದ್ದು ಹೋದಳು. ಚೀಲ ಇಲ್ಲೇ ಮರೆತಿದ್ದಳು. ಅವಳು ಚೀಲ ಮರೆತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಪಾಪ ಅನ್ನಿಸಿತು.

ಮೀಸೆ ಮಧ್ಯಾಹ್ನದ ಅಡುಗೆ ಹೊತ್ತಿಗೆ ಸರಿಯಾಗಿ ಬಂದ. ಅವರು ಹಾಗೆ ಬರುವುದೇ ಒಲೆ ನೋಡಲಿಕ್ಕೆ. ಅಕ್ಕ ಒಳ್ಳೆಯ ಕೋಟು ಹಾಕಿಕೊಂಡು ತನ್ನ ಕೋಣೆಯಲ್ಲಿ ರಾಣಿಯ ಹಾಗೆ ಕೂತಿದ್ದಳು. ಒಲೆಯ ಮೇಲಿನ ಬೆಲೆಯ ಚೀಟಿ ಇನ್ನೂ ಹಾಗೇ ಇತ್ತು. ಮೀಸೆ ಅದನ್ನು ನೋಡಿ, ಮೀಸೆಯೊಳಗೇ ನಕ್ಕು, ಕೇಳಲು ಶುರುಮಾಡಿದ. ಎಣ್ಣೆ ಎಷ್ಟು ತರ್ತೀರಿ, ಹಾಲು ಯಾರ ಹತ್ರ, ಚಹಾ ಎಷ್ಟು ಹೊತ್ತು. ಅಕ್ಕ ಒಂದಕ್ಕೂ ತಡವರಿಸಲಿಲ್ಲ. ಸೋಪಿನ ಪ್ರಶ್ನೆಗೂ ತಯಾರಾಗಿದ್ದಳು; ಸೊಸೆಯ ಕತೆಗಳನ್ನು ಇಷ್ಟು ವರ್ಷ ಸುಮ್ಮನೆ ಕೇಳಿರಲಿಲ್ಲ. ಸೊಸೆ ಬಾಗಿಲ ಬಳಿ ಕುರ್ಚಿಯಲ್ಲಿ ಬಾಯಿಗೆ ಬೀಗ ಹಾಕಿ ಕೂತಿದ್ದಳು. ಅಳಿಯ ಅಡುಗೆಮನೆಯಲ್ಲಿ ಈರುಳ್ಳಿ ಹುರಿಯುತ್ತಿದ್ದ. ನಾನು ಏನೂ ಸಂಬಂಧವಿಲ್ಲದವನ ಹಾಗೆ ಗೋಡೆಗೆ ಒರಗಿದ್ದೆ.

ಈರುಳ್ಳಿ ಸೀಯುವ ವಾಸನೆ ಬಂತು. ಅಕ್ಕನ ಮೂಗು ಅರಳಿತು. ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಂಡವು. ಆದರೂ ಅವಳು ಕದಲಲಿಲ್ಲ. ಹೊಗೆ ಬಾಗಿಲವರೆಗೂ ಬಂತು. "ಎಂಥಾ ಜನ ಇವರು, ನಮ್ಮ ಪಕ್ಕದ ಮನೆಯವರು" ಎಂದು ಮೀಸೆಗೆ ಹೇಳಿ ಮುಖ ತಿರುಗಿಸಿ ಕೂತಳು. ನಾನು ನಗು ತಡೆಯಲಾರದೆ ಕೆಮ್ಮಿದೆ.

ಆಗ ಮೀಸೆ ಸೊಸೆಯ ಕಡೆ ತಿರುಗಿದ. "ಮೇಡಂ, ನಿಯಮ ನಿಮಗೇ ಗೊತ್ತಲ್ಲ. ನೀವೇ ಹೇಳ್ಬಿಡಿ. ಇವರ ಊಟ ಬೇರೆನಾ, ನಿಮ್ಮ ಜೊತೆನಾ?"

ಸೊಸೆ ಬಾಯಿ ತೆರೆದಳು. ಅತ್ತೆಯನ್ನು ನೋಡಿದಳು. ಸೊಸೆಯ ಮುಖ ಒಗೆದ ಬಟ್ಟೆಯಷ್ಟು ಬಿಳಿಚಿತ್ತು, ಕೈಯೆರಡೂ ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು. ಅಕ್ಕನೂ ಅವಳನ್ನು ನೋಡಿದಳು.

ನೋಡಿದವಳೇ ಎದ್ದಳು. "ಅಯ್ಯೋ, ಉರಿ ಸಣ್ಣ ಮಾಡೋ ದಡ್ಡ!" ಎಂದು ಕೂಗುತ್ತಾ ದಡದಡ ಅಡುಗೆಮನೆಗೆ ನುಗ್ಗಿದಳು. ಒಲೆ ಆರಿಸಿದ, ಬಾಣಲೆ ಎತ್ತಿ ನಲ್ಲಿ ಕೆಳಗೆ ಇಟ್ಟ, ಕಿಟಕಿ ತೆರೆದ ಸದ್ದು ಕೇಳಿತು. ಹೊಸ ಈರುಳ್ಳಿ ಹೆಚ್ಚುವ ಸದ್ದೂ ಕೇಳಿತು. ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು!

ಅಕ್ಕ ಈರುಳ್ಳಿ ಸೀಯುವುದನ್ನು ತಡೆಯಲಾರದೆ ಸಿಕ್ಕಿಬಿದ್ದಳು ಎಂದು ಬೀದಿಯವರು ಈಗಲೂ ಹೇಳಿ ನಗುತ್ತಾರೆ. ನಗಲಿ. ಆದರೆ ನಾನು ಅಲ್ಲೇ ನಿಂತಿದ್ದವನು. ಅವಳು ಎದ್ದ ಹೊತ್ತಿಗೆ ಆ ಈರುಳ್ಳಿ ಆಗಲೇ ಕರಿಕಲಾಗಿತ್ತು, ಅದರಲ್ಲಿ ಉಳಿಸುವಂಥದ್ದು ಏನೂ ಇರಲಿಲ್ಲ. ಅವಳು ಎದ್ದದ್ದು ಸೊಸೆಗೋಸ್ಕರ. ಆ ಹುಡುಗಿಯ ಬಾಯಿಂದ ಸುಳ್ಳು ಹೊರಡಿಸಲು ಅವಳಿಗೆ ಮನಸ್ಸಾಗಲಿಲ್ಲ.

ಸೌಟು ಹಿಡಿದೇ ವಾಪಸು ಬಂದಳು. "ಬರ್ಕೊಳ್ಳಿ. ಒಂದೇ ಒಲೆ."

"ಒಲೆ ಎರಡಿದ್ರೂ ಕೈ ಒಂದೇ ಅಂತೀರಿ" ಅಂದ ಮೀಸೆ. ಒಳ್ಳೆಯ ಮನುಷ್ಯ, ನೋಯಿಸಬೇಕು ಅಂತ ಅಂದದ್ದಲ್ಲ.

"ನನಗೆ ಆ ದುಡ್ಡಿನ ಆಸೆ ಅಂತ ತಿಳ್ಕೋಬೇಡಪ್ಪ" ಅಂದಳು ಅಕ್ಕ. ಅವಳ ದನಿ ಸಣ್ಣಗಾಗಿತ್ತು. "ಮದುವೆಗೆ ಮುಂಚೆ ಅಪ್ಪನ ಹತ್ರ ಕೇಳಬೇಕಿತ್ತು. ಅವರು ಯಾಕೆ ಅಂತಿದ್ರು. ಆಮೇಲೆ ಗಂಡನ ಹತ್ರ. ಅವರೂ ಕೆಟ್ಟವರಲ್ಲ, ಆದರೆ ಯಾಕೆ ಅಂತಿದ್ರು. ಈಗ ಮಗ ಏನೂ ಅನ್ನಲ್ಲ, ಕೊಡ್ತಾನೆ. ಆದರೂ ಕೇಳೋಕೆ ಬಾಯಿ ತೆರೆದಾಗ ಕಾರಣ ಮೊದಲು ರೆಡಿ ಮಾಡ್ಕೊಂಡಿರ್ತೀನಿ. ಅಂಚೆ ಕಚೇರಿ ಕಿಟಕಿಯವನು ಒಬ್ಬನೇ ನನ್ನನ್ನ ಯಾವತ್ತೂ ಯಾಕೆ ಅಂತ ಕೇಳದೇ ಇರೋನು. ಆ ನೀಲಿ ಛತ್ರಿ ಯಾಕೆ ತಗೊಂಡೆ ಅಂತ ನನಗೇ ಗೊತ್ತಿಲ್ಲ. ಗೊತ್ತಿಲ್ಲದೇ ತಗೊಂಡೆ, ಅದೇ ಖುಷಿ."

ನನಗೆ ನಮ್ಮ ಅಪ್ಪನ ಆ "ಯಾಕೆ" ಸ್ಪಷ್ಟವಾಗಿ ಕೇಳಿಸಿತು. ನನ್ನನ್ನು ಅವರು ಹಾಗೆ ಕೇಳಿದ್ದು ನೆನಪಿಲ್ಲ. ಕಣ್ಣು ಉರಿಯಿತು, ಹೊಗೆಯಿಂದ ಎಂದು ಬೇಕಾದರೆ ಹೇಳಬಹುದು, ಆದರೆ ಅಲ್ಲ.

ಸೊಸೆ ಎದ್ದು ಬಂದು ಮೀಸೆಯ ಪಕ್ಕ ನಿಂತಳು. "ಕೊನೇಲಿ ಷರಾ ಬರೆಯೋ ಖಾಲಿ ಜಾಗ ಇದೆಯಲ್ಲ, ಅಲ್ಲಿ ಬರೀರಿ. ಈ ಮನೆಯ ಆದಾಯದಲ್ಲಿ, ಕೇಳದೇ ಇವರ ಕೈಗೆ ಬರೋದು ಈ ಸಹಾಯಧನ ಒಂದೇ. ಅಡುಗೆ ಇವರದು, ಮನೆ ಇವರ ಮೇಲೆ ನಿಂತಿದೆ. ಕೈಗೆ ಮಾತ್ರ ಏನೂ ಇಲ್ಲ."

"ಹಾಗೊಂದು ಪ್ರಶ್ನೆ ನಮ್ಮ ಫಾರಂನಲ್ಲಿ ಇಲ್ಲವಲ್ಲ ಮೇಡಂ?"

"ಇಲ್ಲ. ಇಷ್ಟು ವರ್ಷ ಊರೆಲ್ಲ ಸುತ್ತಿದೆ, ನನಗೂ ಹೊಳೀಲಿಲ್ಲ. ಇವರ ತಟ್ಟೆ ನೋಡಿದೆ, ಕೈ ನೋಡ್ಲಿಲ್ಲ."

ಮೀಸೆ ಬರೆದುಕೊಂಡ. ಅಕ್ಕ ಅವನನ್ನು ಊಟಕ್ಕೆ ಕರೆದಳು. ಸಮೀಕ್ಷೆಯ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಬಾರದು ಎಂಬ ನಿಯಮವಿದೆಯಂತೆ, ಅವನು ಬೆಳ್ಳುಳ್ಳಿಯ ಘಮವನ್ನು ಒಮ್ಮೆ ಎಳೆದುಕೊಂಡು ಬಹಳ ದುಃಖದಿಂದ ಹೊರಟುಹೋದ. ಅವನ ಪಾಲನ್ನೂ ಸೇರಿಸಿ ನಾನೇ ಉಂಡೆ.

ಮುಂದೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ಸೊಸೆ ಕಚೇರಿಯಲ್ಲಿ ಈ ಮಾತೆತ್ತಿ ಬಹಳ ವಾದ ಮಾಡಿದಳು. ಒಂದು ಮನೆಯೊಳಗೆ ಯಾರ ಕೈಗೆ ಎಷ್ಟು ಬರುತ್ತದೆ ಅಂತಲೂ ನಾವು ಇಣುಕಬೇಕೇ ಎಂದು ದೊಡ್ಡ ಸಾಹೇಬರು ಕೇಳಿದರಂತೆ. ಇಣುಕದೆ ಹೋದರೆ ನಮ್ಮ ಅಳತೆ ಮನೆಗೆ ಸರಿ, ಮನುಷ್ಯರಿಗೆ ತಪ್ಪು ಎಂದಳಂತೆ ಇವಳು. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ, ಮನೆಮಂದಿಗೆಲ್ಲ ಒಬ್ಬನದೇ ಅಳತೆ ಹಿಡಿದು ಬಟ್ಟೆ ಹೊಲಿದ ಹಾಗೆ. ಕೊನೆಗೆ, ಮುಂದಿನ ಸಲ ಒಂದೆರಡು ಬೀದಿಗಳಲ್ಲಿ ಆ ಪ್ರಶ್ನೆಯನ್ನು ಕೇಳಿ ನೋಡೋಣ ಎಂಬಷ್ಟಕ್ಕೆ ಒಪ್ಪಿದರು. ಅಷ್ಟರಲ್ಲಿ ಹೊಸ ನಿಯಮ ಬಂತು. ಬಟ್ಟೆ ಒಗೆಯುವವಳಿಗೆ ಸಹಾಯಧನ ಹೆಚ್ಚಾಯಿತು, ಅಕ್ಕನಿಗೆ ನಿಂತಿತು. ನಮ್ಮ ಬೀದಿಯ ಕರೆಂಟು ಒಲೆಗಳನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ.

ಅಕ್ಕ ಗೊಣಗಲಿಲ್ಲ. "ಆ ಹೆಂಗಸಿಗೆ ಸಿಕ್ಕಿತಲ್ಲ, ಸರಿ ಬಿಡು" ಅಂದಳು. ಆದರೆ ಅಂಚೆ ಕಚೇರಿಗೆ ಹೋಗುವ ದಿನ ಬಂದಾಗ, ಕೋಟು ಕಪಾಟಿನಿಂದ ಹೊರಗೆ ಬರಲಿಲ್ಲ. ಇಸ್ತ್ರಿ ಪೆಟ್ಟಿಗೆ ಕಾಯಿಸಿಟ್ಟುಕೊಂಡು ಕಾಯುತ್ತಿದ್ದ ನಾನು ಅದನ್ನು ಆರಿಸಿ ಬದಿಗಿಟ್ಟೆ.

ಅವತ್ತು ಸೊಸೆ ತನ್ನ ಸಂಬಳದಿಂದ ಅಷ್ಟೇ ಮೊತ್ತವನ್ನು ಲಕೋಟೆಯಲ್ಲಿ ಹಾಕಿ ಅತ್ತೆಯ ಮುಂದಿಟ್ಟಳು. ಅಕ್ಕ ಅದನ್ನು ಬೆರಳ ತುದಿಯಿಂದ ಹಿಂದೆ ತಳ್ಳಿದಳು.

"ಬೇಡಮ್ಮ. ಇದು ನೀನು ಕರುಣೆಯಿಂದ ಕೊಡೋದು."

"ಕರುಣೆ ಅಲ್ಲ ಅತ್ತೆ, ನಿಮ್ಮ ಅಡುಗೆಗೆ."

"ನಾನೇನು ಈ ಮನೆ ಅಡುಗೆಯವಳಾ?"

ಮಾತು ಅಲ್ಲಿಗೇ ಕಟ್ಟಾಯಿತು. ಸೊಸೆ ನಾಲ್ಕಾರು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡಿದಳು. ಅಕ್ಕ ಏನೋ ಯೋಚಿಸುತ್ತಾ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಪಾತ್ರೆ ಉಜ್ಜುತ್ತಿದ್ದಳು.

ಒಂದು ರಾತ್ರಿ ನಾಲ್ವರೂ ಮೇಜಿಗೆ ಕೂತಾಗ, ಅಕ್ಕ ಬಡಿಸುವ ಮೊದಲು ಸೌಟಿನಿಂದ ಪಾತ್ರೆಯ ಅಂಚಿಗೆ ಟಣ್ ಟಣ್ ಎಂದು ಬಡಿದಳು. "ಈ ಮನೇಲಿ ಒಂದೇ ಒಲೆ ಅಂತ ಸರ್ಕಾರವೇ ಬಂದು ಬರ್ಕೊಂಡು ಹೋಗಿದೆ. ಆ ಒಲೆ ನಡೆಸೋಳು ನಾನು. ಹಾಗಾಗಿ ಮುಂದಿನ ತಿಂಗಳಿಂದ ಒಲೆ ತೆರಿಗೆ. ಉಣ್ಣೋರೆಲ್ಲ ಕಟ್ಟಬೇಕು. ದಾನ ಅಲ್ಲ, ಸಂಬಳ ಅಲ್ಲ. ತೆರಿಗೆ."

ಸೊಸೆಯ ಕಣ್ಣು ಅರಳಿತು. ಆದರೂ ಅವಳೊಳಗಿನ ಇಲಾಖೆ ಸುಮ್ಮನಿರಲಿಲ್ಲ. "ಎಲ್ಲರಿಗೂ ಒಂದೇ ದರನಾ ಅತ್ತೆ?"

"ಅಷ್ಟೂ ಗೊತ್ತಾಗಲ್ವಾ ನನಗೆ? ಹೆಚ್ಚು ದುಡಿಯೋರು ಹೆಚ್ಚು, ಕಡಿಮೆ ದುಡಿಯೋರು ಕಡಿಮೆ."

"ನಾನು ಈ ಮನೆಯವನೇ ಅಲ್ಲ, ಎದುರು ಮನೆಯವನು" ಎಂದು ನಾನು ಎದ್ದು ನಿಂತೆ.

"ಉಣ್ಣೋದೆಲ್ಲಿ ಮಾವ?" ಅಂದಳು ಸೊಸೆ. ಮೂವರೂ ನನ್ನನ್ನೇ ನೋಡಿದರು. ನಾನು ಕೂತೆ. ಅಳಿಯ ಅವತ್ತಿನ ಒಂದೇ ಮಾತು ಆಡಿದ: "ಎಲ್ಲಿ ಕಟ್ಟಬೇಕು?" ಅಕ್ಕ ಖಾಲಿ ಚಹಾ ಡಬ್ಬವೊಂದನ್ನು ಮೇಜಿನ ನಡುವೆ ಇಟ್ಟಳು.

ಮುಂದಿನ ತಿಂಗಳು ಸಂಬಳ ಬಂದ ಸಂಜೆಯೇ ಇಬ್ಬರೂ ತೆರಿಗೆ ಕಟ್ಟಿದರು. ನನ್ನದು ಸಣ್ಣ ಮೊತ್ತ, ಅದನ್ನೂ ಗೊಣಗಿಕೊಂಡೇ ಹಾಕಿದೆ. ಮಾರನೆಯ ದಿನ ಅಕ್ಕ ಕೋಟು ಹಿಡಿದು ನನ್ನ ಅಂಗಡಿಗೆ ಬಂದಳು. ನಾನು ಒಂದೊಂದು ಮಡಿಕೆಯನ್ನೂ ಬಿಡದೆ ಇಸ್ತ್ರಿ ಮಾಡಿದೆ. ಅವಳು ಅದನ್ನು ತೊಟ್ಟು, ತಲೆ ಬಾಚಿಕೊಂಡು, ಕೈಚೀಲ ಹಿಡಿದು ಮನೆಯ ಮೆಟ್ಟಿಲಿಳಿದಳು. ಅಂಚೆ ಕಚೇರಿಯ ಕಡೆಗಲ್ಲ, ನೇರ ಬಸ್ ನಿಲ್ದಾಣದ ಕಡೆಗೆ.

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಎಲ್ಲಿಗೆ ಹೋಗ್ತೀರಿ, ಏನು ತರ್ತೀರಿ, ಎಷ್ಟು ಖರ್ಚು ಮಾಡ್ತೀರಿ ಎಂದು ಊರಿನವರನ್ನೆಲ್ಲ ಕೇಳಿ ಕೇಳಿ ಜೀವನ ಮಾಡಿದವಳು. ಅತ್ತೆ ಬೀದಿಯ ತಿರುವು ತಲುಪುವಷ್ಟರಲ್ಲಿ ಅವಳ ಬಾಯಿ ತೆರೆದದ್ದನ್ನು ನಾನು ನನ್ನ ಹೊಲಿಗೆ ಯಂತ್ರದ ಹಿಂದಿನಿಂದ ಸ್ಪಷ್ಟವಾಗಿ ನೋಡಿದೆ. ಅಕ್ಕ ಅಲ್ಲಿ ಒಂದು ಗಳಿಗೆ ನಿಂತಳು, ತಿರುಗಿ ನೋಡಲಿಲ್ಲ. ಸೊಸೆ ಬಾಯಿ ಮುಚ್ಚಿಕೊಂಡು, ಒಳಗೆ ಹೋಗಿ, ತಾನೇ ಆಲೂಗಡ್ಡೆ ಸುಲಿಯಲು ಕೂತಳು.

ಅಕ್ಕ ಸಂಜೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ, ಮುಖದ ತುಂಬ ನಗು ಇತ್ತು. ಎಲ್ಲಿಗೆ ಹೋಗಿದ್ದಳು ಅಂತ ಇವತ್ತಿಗೂ ನಮಗೆ ಯಾರಿಗೂ ಗೊತ್ತಿಲ್ಲ.